ಶಿರಸಿ ಕಡೆ ಅಜ್ಜನ ಕಾಲದ ಆರು ಎಕರೆ ಮಾಲ್ಕಿ (ಸ್ವಂತ ಒಡೆತನದ) ಕಾಡು ನಮ್ಮ ಪಾಲಿಗೆ ಬಂದಿದೆ. ಬೋಳಿಸದೆ ಉಳಿಸಿಕೊಂಡು ಅದರಿಂದ ಆದಾಯ ಮಾಡಬಹುದೇ?

ಮಾಡಬಹುದು. ಆದರೆ ನಿಮಗೆ ಮರದ ವ್ಯಾಪಾರಿ ಆಸೆ ತೋರಿಸಿದ ಹಾಗೆ ದೊಡ್ಡ ಗಂಟು ಒಂದೇ ಸಲಕ್ಕೆ ಸಿಗುವುದಿಲ್ಲ, ವರ್ಷ ವರ್ಷ ಸ್ವಲ್ಪ ಸ್ವಲ್ಪ ಬರುತ್ತದೆ. ಎಲ್ಲ ಕಡಿದು ಅಕೇಶಿಯಾ ಹಾಕಿಕೊಡುತ್ತೇನೆ ಎನ್ನುವ ವ್ಯಾಪಾರಿ ಒಂದು ಕಡೆ, ಅಡಿಕೆ ಹಾಕಿ ಎನ್ನುವ ನೆಂಟರು ಇನ್ನೊಂದು ಕಡೆ, ಸುಮ್ಮನೆ ಬಿಟ್ಟರೆ ಸರ್ಕಾರದ ಪಾಲಾದೀತು ಎಂಬ ಭಯ ಬೇರೆ ಎಂದು ಬರೆದಿದ್ದೀರಿ. ನಾನು ಇದೇ ಸೀಮೆಯವನು. ತೋಟದ ಜೊತೆಗೆ ಮನೆಯ ಕಾಡನ್ನೂ ನೋಡಿಕೊಳ್ಳುತ್ತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಕಾಗದ. ಪಹಣಿ ತೆಗೆಸಿ, ಜಾಗ ನಿಜಕ್ಕೂ ಮಾಲ್ಕಿಯೋ ಅಥವಾ ಸೊಪ್ಪಿನ ಬೆಟ್ಟವೋ ನೋಡಿ. ನಮ್ಮ ಜಿಲ್ಲೆಯಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸರ್ಕಾರಿ ಬೆಟ್ಟವನ್ನು ಸೊಪ್ಪಿಗಾಗಿ ಬಿಟ್ಟುಕೊಟ್ಟ ಪದ್ಧತಿ ಬ್ರಿಟಿಷರ ಕಾಲದಿಂದ ಇದೆ. ಅಲ್ಲಿ ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲಿನ ಹಕ್ಕು ನಮ್ಮದು, ನೆಲ ನಮ್ಮದಲ್ಲ. ಎಷ್ಟೋ ಮನೆಗಳಲ್ಲಿ ಎರಡನ್ನೂ ‘ನಮ್ಮ ಬೆಟ್ಟ’ ಎಂದೇ ಕರೆದು ರೂಢಿಯಾಗಿ, ಪಾಲಿನ ಹೊತ್ತಿಗೆ ಗೊಂದಲ ಏಳುತ್ತದೆ. ಮಾಲ್ಕಿಯೇ ಆಗಿದ್ದರೂ ಅದು ಪರಿಭಾವಿತ ಅರಣ್ಯದ (ಕಾಡೆಂದು ಪರಿಗಣಿಸಿದ ಜಾಗಗಳ, ಡೀಮ್ಡ್ ಫಾರೆಸ್ಟ್) ಪಟ್ಟಿಯಲ್ಲಿದೆಯೇ ಎಂದು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಮಾಲೀಕರು ಯಾರೇ ಇರಲಿ, ಕಾಡಾಗಿರುವುದೆಲ್ಲ ಅರಣ್ಯ ಸಂರಕ್ಷಣಾ ಕಾಯ್ದೆಯ ಮಟ್ಟಿಗೆ ಕಾಡೇ ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಆದೇಶ ಕೊಟ್ಟಿದೆ. ಪಟ್ಟಿಯಲ್ಲಿದ್ದ ಮಾತ್ರಕ್ಕೆ ನಿಮ್ಮ ಒಡೆತನ ಹೋಗುವುದಿಲ್ಲ. ಅನುಮತಿ ಇಲ್ಲದೆ ಬೇರೆ ಉಪಯೋಗಕ್ಕೆ ತಿರುಗಿಸುವಂತಿಲ್ಲ, ಅಷ್ಟೇ. ಕಾಡಾಗಿಯೇ ಇಡಬೇಕು ಎನ್ನುವವರು ಅದಕ್ಕೆ ಹೆದರಬೇಕಿಲ್ಲ.

ಇನ್ನು ಕಾಡಿನ ಕೆಲಸ. ಮೊದಲ ವರ್ಷ ಒಂದೂ ಗಿಡ ನೆಡಬೇಡಿ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಅಗಳ (ಗಡಿಯ ಕಂದಕ) ದುರಸ್ತಿ ಮಾಡಿಸಿ, ದನ ಒಳಗೆ ಬರದ ಹಾಗೆ ನೋಡಿಕೊಳ್ಳಿ. ಹುಲ್ಲು ಒಣಗುವ ಮೊದಲು ಗಡಿಯುದ್ದಕ್ಕೂ ಬೆಂಕಿಗೆರೆ (ಬೆಂಕಿ ದಾಟದಂತೆ ಬೋಳಿಸಿದ ಪಟ್ಟಿ) ಸವರಿಸಿ. ದರಕು ಗುಡಿಸಿ ಒಯ್ಯುವುದನ್ನು ಅರ್ಧ ಜಾಗದಲ್ಲಿ ಪೂರ್ತಿ ನಿಲ್ಲಿಸಿ. ಪ್ರತಿ ಬೇಸಿಗೆ ನೆಲ ಬೋಳಾಗುವಂತೆ ಗುಡಿಸಿದರೆ ಗೊಬ್ಬರದ ಜೊತೆ ಬಿದ್ದ ಬೀಜವೂ ಕೊಟ್ಟಿಗೆ ಸೇರುತ್ತದೆ. ಸೊಪ್ಪಿಗಾಗಿ ವರ್ಷವೂ ತಲೆ ಸವರಿದ ಮತ್ತಿ ಮರವನ್ನು ಹತ್ತಿರ ನಿಂತು ನೋಡಿ: ಗಂಟುಗಂಟಾದ ಕಾಂಡ, ಮೇಲೆ ನಾಲ್ಕು ಎಳೆ ಟೊಂಗೆ, ಹೂವಿಲ್ಲ, ಕಾಯಿಲ್ಲ. ಅದರ ಬುಡದಲ್ಲಿ ಮರಿ ಹುಟ್ಟುವುದಾದರೂ ಎಲ್ಲಿಂದ? ಸೊಪ್ಪು ಬೇಕೇ ಬೇಕೆಂದರೆ ಕಾಡನ್ನು ಮೂರು ಭಾಗ ಮಾಡಿ, ವರ್ಷಕ್ಕೊಂದು ಭಾಗದಲ್ಲಿ ಅಡ್ಡ ಟೊಂಗೆ ಮಾತ್ರ ಸವರಿ, ತುದಿ ಮುಟ್ಟಬೇಡಿ.

ಹೀಗೆ ಬಿಟ್ಟ ಜಾಗದಲ್ಲಿ ಒಂದೆರಡು ಮಳೆಗಾಲ ಕಳೆಯುವುದರೊಳಗೆ ಏನೇನು ತಾನಾಗಿ ಎದ್ದಿದೆ ಎಂಬುದು ಕಾಣುತ್ತದೆ. ಲಂಟಾನ, ಯುಪಟೋರಿಯಂ ಕಳೆ ಮುಚ್ಚಿಕೊಂಡಲ್ಲಿ ಮಾತ್ರ ಹೂ ಬಿಡುವ ಮೊದಲೇ ಬೇರುಸಹಿತ ಕೀಳಿಸಿ, ಹೊನ್ನೆ, ನಂದಿ, ನೇರಳೆ ಮರಿಗಳಿಗೆ ಬೆಳಕು ಬಿಡಿಸಿ. ಬರಿದಾದ ಜಾಗ ಉಳಿದರೆ ಆಗ ನೆಡಿ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕಿದ ಗಿಡಕ್ಕೆ ಮೂರು ವರ್ಷ ಪ್ರೋತ್ಸಾಹಧನ ಕೊಡುತ್ತಾರೆ.

ಕಾಯಿ ಬಿಡದ ಮರ ದಂಡ ಎಂದು ಯಾರಾದರೂ ಕಡಿಯಲು ಹೇಳಿದರೆ ಒಪ್ಪಬೇಡಿ. ಹುಳಿಹಣ್ಣಿನ ಉಪ್ಪಾಗೆ, ಮುರುಗಲು (ಕೋಕಂ), ಕಾಡು ಜಾಯಿಕಾಯಿಯಾದ ರಾಮಪತ್ರೆ ಮೂರರಲ್ಲೂ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಗಂಡು ಮರ ಹೂ ಬಿಟ್ಟು ಉದುರಿಸುತ್ತದೆ, ಕಾಯಿ ಕಟ್ಟುವುದಿಲ್ಲ. ಅದನ್ನು ತೆಗೆದರೆ ಪಕ್ಕದ ಹೆಣ್ಣು ಮರದ ಫಸಲೂ ಕುಸಿಯುತ್ತದೆ. ಪೊಟರೆ ಬಿದ್ದ ಮುದಿ ಮರವೂ ಹಾಗೇ. ನಾಟಾಕ್ಕೆ (ಮರಮಟ್ಟಿಗೆ) ಅದಕ್ಕೆ ಬೆಲೆಯಿಲ್ಲ, ಆದರೆ ಮಂಗಟ್ಟೆ ಹಕ್ಕಿ ಗೂಡು ಕಟ್ಟುವುದು, ತುಡುವೆ ಜೇನು ನಿಲ್ಲುವುದು ಅಂಥ ಪೊಟರೆಯಲ್ಲೇ. ರಾಮಪತ್ರೆಯ ಬೀಜ ನುಂಗಿ ದೂರ ಒಯ್ದು ಉದುರಿಸುವುದು ಆ ಮಂಗಟ್ಟೆಯೇ.

ಆದಾಯಕ್ಕೆ ನನ್ನ ಮೊದಲ ಆಯ್ಕೆ ಕಾಳುಮೆಣಸು. ಕಾಡುಮರಕ್ಕೇ ಬಳ್ಳಿ ಹಬ್ಬಿಸಬಹುದು, ಮೂರ್ನಾಲ್ಕು ವರ್ಷಕ್ಕೆ ಕಾಳು ಶುರು. ನರ್ಸರಿಯವರು ಪಣಿಯೂರ್-1 ತಳಿ ಕೊಡಲು ಬರುತ್ತಾರೆ. ಅದಕ್ಕೆ ಬೆಳಕು ಬೇಕು, ಗವ್ವೆನ್ನುವ ನೆರಳಿನಲ್ಲಿ ಕರೆ (ಕಾಳಿನ ಗೊನೆ) ಕಟ್ಟುವುದಿಲ್ಲ. ಮಲ್ಲಿಗೆಸರದಂಥ ಊರ ತಳಿಯ ಬಳ್ಳಿಯನ್ನೇ ಹುಡುಕಿ ತನ್ನಿ. ಆಮೇಲೆ ಮುರುಗಲು ಮತ್ತು ಉಪ್ಪಾಗೆ. ಉಪ್ಪಾಗೆ ಹಣ್ಣಾಗುವುದು ಜಡಿಮಳೆಯಲ್ಲಿ, ಬಿಸಿಲಿಗೆ ಒಣಗಿಸುವ ಮಾತೇ ಇಲ್ಲ. ಸಿಪ್ಪೆ ಬಿಡಿಸಿ ಒಲೆಯ ಮೇಲಿನ ಅಟ್ಟದಲ್ಲಿ ಕಪ್ಪಾಗುವ ತನಕ ಹೊಗೆ ಕೊಡಬೇಕು. ಬೀಜದಿಂದ ತುಪ್ಪ ತೆಗೆಯುತ್ತಾರೆ. 1990ರ ದಶಕದಲ್ಲಿ ಬೊಜ್ಜು ಕರಗಿಸುವ ಮದ್ದಿಗೆಂದು ಹೊರದೇಶದ ಬೇಡಿಕೆ ಬಂದಾಗ ಈ ಸೀಮೆಯಲ್ಲಿ ಎಳೆಗಾಯಿಗಾಗಿ ಟೊಂಗೆಗಳನ್ನೇ ಕಡಿದು ಕೆಡವಿದರು. ಕೊಯ್ಲು ಗುತ್ತಿಗೆ ಕೊಡುವುದಾದರೆ ‘ಬಿದ್ದ ಹಣ್ಣು ಮಾತ್ರ’ ಎಂದು ಮೊದಲೇ ಮಾತಾಡಿ. ಉಪ್ಪಿನಕಾಯಿಯ ಅಪ್ಪೆಮಿಡಿ ಮಾವಿನ ಮರವಿದ್ದರಂತೂ ಟೊಂಗೆ ಕಡಿಯಬಾರದೆಂಬ ಮಾತನ್ನು ಇನ್ನೂ ಬಿಗಿ ಮಾಡಿ.

ನಾಟಾ ಬೇಡವೆನ್ನುವುದಿಲ್ಲ. ಮನೆ ರಿಪೇರಿಗೋ ಮದುವೆ ಖರ್ಚಿಗೋ ಬೆಳೆದು ನಿಂತ ಮರ ತೆಗೆಯಬಹುದು. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು, ಸಾಗಿಸಲು ಪಾಸ್ ಬೇಕು. ಸರ್ಕಾರದಿಂದ ಮಂಜೂರಿಯಾದ ಜಮೀನಾದರೆ ಕೆಲವು ಜಾತಿಯ ಮರಗಳ ಹಕ್ಕು ಸರ್ಕಾರದ್ದೇ ಇರಬಹುದು, ಮಂಜೂರಿ ಆದೇಶ ಓದಿ. ಕಡಿಯುವ ಮುಂಚೆ ಸುತ್ತ ಅದೇ ಜಾತಿಯ ಮರಿಗಳಿವೆಯೇ ನೋಡಿ. ಇಲ್ಲದಿದ್ದರೆ ಆ ಮರ ನಿಲ್ಲಲಿ, ಬೇರೆ ಆರಿಸಿ.

ಅಡಿಕೆಯ ಬಗ್ಗೆ ಒಂದೇ ಮಾತು. ನಮ್ಮ ಹಿರಿಯರು ತೋಟ ಮಾಡಿದ್ದು ಕಣಿವೆಯಲ್ಲಿ, ಮೇಲಿನ ಇಳಿಜಾರು ಕಾಡಾಗಿಯೇ ಇತ್ತು. ಅಲ್ಲಿ ಇಂಗಿದ ನೀರೇ ಬೇಸಿಗೆಯಲ್ಲಿ ಕೆಳಗೆ ಜಿನುಗುವುದು. ಇಳಿಜಾರನ್ನು ಜೆಸಿಬಿಯಿಂದ ಮೆಟ್ಟಿಲು ಮೆಟ್ಟಿಲಾಗಿ ತಟ್ಟು ಮಾಡಿ ಅಡಿಕೆ ಹಾಕಿದರೆ ಕೆಳಗಿನ ಹಳೇ ತೋಟಕ್ಕೂ ನೀರು ಸಾಲದು, ಎಲೆಚುಕ್ಕಿ ರೋಗದ ಕಾಟ ಈಗಾಗಲೇ ಎಷ್ಟಿದೆ ಎಂದು ನಿಮ್ಮ ನೆಂಟರಿಗೇ ಗೊತ್ತು.

1983ರ ಸೆಪ್ಟೆಂಬರಿನಲ್ಲಿ ಶಿರಸಿ ಕಡೆಯ ಸಾಲ್ಕಣಿಯಲ್ಲಿ ಅಪ್ಪಿಕೋ ಚಳವಳಿಯಲ್ಲಿ ಜನ ಮರಗಳನ್ನು ಅಪ್ಪಿ ನಿಂತಿದ್ದು ಸರ್ಕಾರಿ ಕಾಡು ಉಳಿಸಲು. ಮನೆಯ ಕಾಡಿಗೆ ಹಾಗೆ ಅಡ್ಡ ನಿಲ್ಲುವವರು ಯಾರೂ ಇಲ್ಲ, ಮನೆಯವರೇ ಮನಸ್ಸು ಮಾಡಬೇಕು. ನಾನು ಕಂಡಂತೆ ಇಂಥ ಕಾಡುಗಳು ಹೆಚ್ಚಾಗಿ ಹಾಳಾಗುವುದು ಪಾಲಿನಲ್ಲಿ. ಆರು ಎಕರೆ ಆರು ಪಟ್ಟಿಯಾಗುತ್ತದೆ, ಆರು ಬೇಲಿಗೆ ಗೂಟ ಕಡಿಯುತ್ತಾರೆ, ಒಬ್ಬ ಮಾರುತ್ತಾನೆ, ಕೊಂಡವನು ರಸ್ತೆ ತೆಗೆಯುತ್ತಾನೆ. ನಿಮ್ಮಲ್ಲಿ ಇನ್ನೂ ಪೋಡಿ (ಪಾಲಿನಂತೆ ಜಮೀನು ಅಳೆದು ಬೇರೆ ಮಾಡುವುದು) ಆಗಿಲ್ಲವೆಂದು ಬರೆದಿದ್ದೀರಿ, ಅದೇ ಒಳ್ಳೆಯದಾಯಿತು. ಮನೆ, ತೋಟ, ಗದ್ದೆ ಬೇಕಾದರೆ ಹಂಚಿಕೊಳ್ಳಿ, ಕಾಡನ್ನು ಮಾತ್ರ ಜಂಟಿಯಾಗಿಯೇ ಇಡಿ. ಮೆಣಸು, ಉಪ್ಪಾಗೆಯ ಹುಟ್ಟುವಳಿಯಲ್ಲಿ ಪಾಲು ಯಾರಿಗೆಷ್ಟು, ಬೆಂಕಿಗೆರೆ ಮತ್ತು ಅಗಳದ ಖರ್ಚು ಯಾರು ಕೊಡಬೇಕು, ಮರ ಕಡಿಯಲು ಎಷ್ಟು ಜನರ ಒಪ್ಪಿಗೆ ಬೇಕು, ಒಬ್ಬರು ಮಾರುವುದಾದರೆ ಮೊದಲು ಮನೆಯವರನ್ನೇ ಕೇಳಬೇಕೇ ಎಂಬುದನ್ನೆಲ್ಲ ವಕೀಲರ ಕೈಯಲ್ಲಿ ಬರೆಸಿ, ನಿಮ್ಮ ಚಿಕ್ಕಪ್ಪ ಇರುವಾಗಲೇ ಎಲ್ಲರ ಸಹಿ ಹಾಕಿಸಿ ನೋಂದಣಿ ಮಾಡಿಸಿಕೊಳ್ಳಿ.