ಎದೆ ಹಗುರವಾದ ಆ ಕ್ಷಣ

ಪ್ರಶ್ನೆ: ನನಗೆ 34 ವರ್ಷ. ಎರಡು ವರ್ಷಗಳ ಹಿಂದೆ ಕಚೇರಿಯ ಸಭೆಯೊಂದರಲ್ಲಿ ವರದಿ ಮಂಡಿಸುವಾಗ ನನ್ನ ಧ್ವನಿ ನಡುಗಿ, ಮಾತು ಅರ್ಧಕ್ಕೇ ನಿಂತುಹೋಯಿತು. ಅಂದಿನಿಂದ ಮಾತನಾಡುವ ಸರದಿ ಬಂದಾಗಲೆಲ್ಲ ನೆಪ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಕಳೆದ ವಾರ ‘ಗಂಟಲು ಕಟ್ಟಿದೆ’ ಎಂದು ಮೇಲಧಿಕಾರಿಗೆ ಸಂದೇಶ ಕಳುಹಿಸಿದೆ. ‘ಪರವಾಗಿಲ್ಲ’ ಎಂಬ ಉತ್ತರ ಬಂದೊಡನೆ ಎದೆ ಹಗುರವಾಯಿತು. ರಾತ್ರಿಯಿಡೀ ಮಾತ್ರ ನನ್ನನ್ನು ನಾನೇ ಬೈದುಕೊಂಡೆ. ನನ್ನ ನಂತರ ಸೇರಿದವರಿಗೆ ಬಡ್ತಿ ಸಿಕ್ಕಿದೆ. ನಾನು ಹೇಡಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ನಡುಗಿದ ಧ್ವನಿಗಿಂತ ಹೆಚ್ಚಾಗಿ ನನ್ನ ಗಮನ ಸೆಳೆದದ್ದು, ‘ಪರವಾಗಿಲ್ಲ’ ಎಂಬ ಉತ್ತರ ಓದಿ ಎದೆ ಹಗುರವಾಯಿತೆಂದು ನೀವು ಬರೆದ ಸಾಲು. ಎರಡು ವರ್ಷಗಳಿಂದ ನಿಮ್ಮನ್ನು ಕಟ್ಟಿಹಾಕಿರುವುದು ಆ ಕ್ಷಣವೇ ಎಂದು ನನಗನ್ನಿಸುತ್ತದೆ.

ಭಯವಾಯಿತು, ತಪ್ಪಿಸಿಕೊಂಡಿರಿ, ಒಡನೆಯೇ ನೆಮ್ಮದಿ ಸಿಕ್ಕಿತು; ಅಷ್ಟರಲ್ಲೇ ಮನಸ್ಸು, ಆ ಸಭೆ ನಿಜಕ್ಕೂ ಅಪಾಯದ್ದು, ದೂರ ಉಳಿದದ್ದರಿಂದಲೇ ತಾನು ಪಾರಾದೆ ಎಂಬ ಪಾಠವನ್ನು ಕಲಿತುಬಿಟ್ಟಿತು. ಮನೋವಿಜ್ಞಾನಿ ಮೌರರ್ 1947ರಲ್ಲೇ ಇದನ್ನು ಎರಡು ಹಂತಗಳಲ್ಲಿ ವಿವರಿಸಿದ್ದರು: ಕಹಿ ಅನುಭವವೊಂದು ಭಯವನ್ನು ಹುಟ್ಟಿಸುತ್ತದೆ, ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿ ಅದನ್ನು ಸಾಕಿ ಬೆಳೆಸುತ್ತದೆ. ನೀವು ಸಭೆಗಳಲ್ಲಿ ಮಾತನಾಡದೇ ಉಳಿದದ್ದರಿಂದ, ಮಾತನಾಡಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಇಂದಿಗೂ ಎರಡು ವರ್ಷಗಳ ಹಿಂದಿನ ಆ ಒಂದು ದಿನವೇ ಏಕೈಕ ಸಾಕ್ಷಿಯಾಗಿ ಉಳಿದಿದೆ.

ಇನ್ನು ರಾತ್ರಿಯ ಬೈಗುಳ. ಅದು ನಿಮಗೆ ಪ್ರಾಯಶ್ಚಿತ್ತದಂತೆ, ಮುಂದಿನ ಸಲವಾದರೂ ತಿದ್ದಿಕೊಳ್ಳುವ ದಾರಿಯಂತೆ ಕಾಣುತ್ತಿರಬಹುದು. ಆದರೆ ಕೆರೆದು ಹುಣ್ಣು ಮಾಡಿಕೊಳ್ಳುವ ಈ ಅಭ್ಯಾಸ ಮನಸ್ಸಿನ ಕುಗ್ಗುವಿಕೆಯನ್ನು ಇನ್ನಷ್ಟು ಕಾಲ ಎಳೆಯುತ್ತದೆ ಎಂಬುದನ್ನು ಮನೋವಿಜ್ಞಾನಿ ಸುಸಾನ್ ನೋಲೆನ್-ಹೊಕ್ಸೆಮಾ 1991ರಿಂದ ಹಲವು ಅಧ್ಯಯನಗಳಲ್ಲಿ ತೋರಿಸಿದ್ದರು. ಹೀಗೆ ಮುಂದಿನ ಸಭೆಯ ಹೊತ್ತಿಗೆ ನಡುಕದ ಭಯದ ಜೊತೆಗೆ ಹಿಂದಿನ ರಾತ್ರಿಗಳ ಭಾರವೂ ಸೇರಿಕೊಂಡು, ನೆಪ ಹೇಳುವುದು ಮೊದಲಿಗಿಂತ ಅನಿವಾರ್ಯವೆನಿಸುತ್ತದೆ. ಬಡ್ತಿ ಪಡೆದ ಸಹೋದ್ಯೋಗಿಗಳು ನಿಮಗಿಂತ ಧೈರ್ಯಶಾಲಿಗಳೆಂದು ನಾನು ನಂಬುವುದಿಲ್ಲ. ಈ ಎರಡು ವರ್ಷಗಳಲ್ಲಿ ಅವರಿಗೆ ಮಾತನಾಡಿ ರೂಢಿಯಾಗಿದೆ, ನಿಮಗೆ ತಪ್ಪಿಸಿಕೊಂಡು ರೂಢಿಯಾಗಿದೆ.

ಭಯ ಹೋದ ಮೇಲೆ ಮಾತನಾಡುತ್ತೇನೆ ಎಂದು ಕಾಯಬೇಡಿ. ಅದು ಹೋಗುವುದು ಮಾತನಾಡುತ್ತಾ ಹೋದಂತೆ. ಮೊದಲಿಗೆ ನಂಬಿಕೆಯ ಒಬ್ಬ ಸಹೋದ್ಯೋಗಿಯ ಮುಂದೆ ವರದಿಯ ಒಂದು ಪುಟವನ್ನು ಹೇಳಿ. ಆಮೇಲೆ ಮೇಲಧಿಕಾರಿಯ ಬಳಿ ಮುಂದಿನ ಸಭೆಯಲ್ಲಿ ಎರಡೇ ನಿಮಿಷದ ಅವಕಾಶ ಕೇಳಿ. ತಲೆ ತಗ್ಗಿಸಿ ಕಾಗದ ಓದಿ ಮುಗಿಸುವುದು, ಯಾರೂ ಪ್ರಶ್ನೆ ಕೇಳದಂತೆ ಗಡಿಬಿಡಿಯಲ್ಲಿ ಮಾತು ಮುಗಿಸುವುದು ಕೂಡ ತಪ್ಪಿಸಿಕೊಳ್ಳುವಿಕೆಯ ಇನ್ನೊಂದು ರೂಪ. (ನಾನೂ ಬಹುಕಾಲ ಹಾಗೆ ಓದಿ ಮುಗಿಸಿದವನೇ, ಅದರಿಂದ ಏನೂ ಕಲಿಯಲಿಲ್ಲ.) ಧ್ವನಿ ನಡುಗಿದರೆ ನಡುಗಲಿ, ವಾಕ್ಯ ಮುಗಿಸಿ ಕುಳಿತುಕೊಳ್ಳಿ. ರಾತ್ರಿ ಬೈದುಕೊಳ್ಳಬೇಕೆನಿಸಿದಾಗ, ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆದು, ಮುಂದಿನ ಹೆಜ್ಜೆ ಯಾವುದೆಂದು ಐದನೆಯ ಸಾಲಿನಲ್ಲಿ ಗುರುತಿಸಿ ಪುಸ್ತಕ ಮುಚ್ಚಿಡಿ.

ಈ ಭಯ ಸಭೆಯಾಚೆಗೂ ಹರಡಿ, ನಿದ್ದೆಯನ್ನೋ ಒಡನಾಟವನ್ನೋ ಕೆಡಿಸುತ್ತಿದ್ದರೆ ಮನೋಚಿಕಿತ್ಸಕರನ್ನು ಕಾಣಿ. ಅಂಜಿಕೆಯ ಸನ್ನಿವೇಶಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸಲು ಕಲಿಸುವ ಚಿಕಿತ್ಸೆ ಇಂಥ ತೊಂದರೆಗೆ ಚೆನ್ನಾಗಿ ಫಲ ಕೊಡುತ್ತದೆ.

ಮುಂದಿನ ಸಭೆಯ ಬೆಳಿಗ್ಗೆ ನಿಮ್ಮ ಬೆರಳು ‘ಗಂಟಲು’ ಎಂದು ಬರೆಯತೊಡಗಿದರೆ, ಮೊಬೈಲನ್ನು ಹತ್ತು ನಿಮಿಷ ಇನ್ನೊಂದು ಕೋಣೆಯಲ್ಲಿಡಿ. ಸಭೆ ಮುಗಿಸಿ ನನಗೆ ಮತ್ತೆ ಬರೆಯಿರಿ. ಧ್ವನಿ ನಡುಗಿತೋ ಇಲ್ಲವೋ ಎಂಬುದನ್ನು ತಿಳಿಸಬೇಕಾಗಿಲ್ಲ.