ವ್ಯಾಟ್ ಅಷ್ಟೇ ಇದೆ, ಗೆರೆ ಯಾಕೆ ದಪ್ಪವಾಯಿತು?

ಪ್ರಶ್ನೆ: ಲೋಹದ ಮೇಲೆ ಗುರುತು ಹಾಕುವ ನಮ್ಮ 1064 ನ್ಯಾನೋಮೀಟರ್ ಲೇಸರ್ ಈಗ ದಪ್ಪ ಗೆರೆ ಎಳೆಯುತ್ತಿದೆ, ಆಳವೂ ಸಾಲದು. ಪವರ್ ಮೀಟರ್‌ನಲ್ಲಿ ಮೊದಲಿನಷ್ಟೇ ವ್ಯಾಟ್ ಇದೆ. ಕ್ಯಾಮೆರಾದಲ್ಲಿ ಬೀಮ್ ಗುಂಡಗೇ ಕಾಣುತ್ತದೆ. ಇನ್ನೇನು ಅಳೆಯಲಿ?

ಉತ್ತರ: ಪವರ್ ಮೀಟರ್ ಒಟ್ಟು ಎಷ್ಟು ಬಂತು ಎಂದಷ್ಟೇ ಹೇಳುತ್ತದೆ. ಆ ಶಕ್ತಿ ನಡುವೆ ಒತ್ತಾಗಿದೆಯೋ ಅಂಚಿಗೆ ಹರಡಿದೆಯೋ ಎಂಬುದು ಅದಕ್ಕೆ ಗೊತ್ತಾಗದು. ಗುಂಡಗಿರುವ ಬೀಮನ್ನೂ ನಂಬಬೇಡಿ. ಹಲವು ಮೋಡ್‌ಗಳು (ಬೆಳಕು ಹಂಚಿಕೊಳ್ಳುವ ಬೇರೆ ಬೇರೆ ವಿನ್ಯಾಸಗಳು) ಕಲೆತ ಬೀಮ್ ಒಂದು ಜಾಗದಲ್ಲಿ ನೋಡಿದರೆ ನಡುವೆ ಪ್ರಖರವಾಗಿ ಅಂಚಿಗೆ ನಯವಾಗಿ ಮಂಕಾಗುವ ಅಚ್ಚುಕಟ್ಟಾದ ಗಾಸಿಯನ್‌ನಂತೆಯೇ ಇರಬಹುದು. ಅದರ ಗುಣ ತಿಳಿಯುವುದು ಅದು ಸಾಗುವಾಗ ಹೇಗೆ ಕಿರಿದಾಗಿ ಹೇಗೆ ಅಗಲವಾಗುತ್ತದೆ ಎಂಬುದರಲ್ಲಿ.

ಹಾಗಾಗಿ ಎಂ-ಸ್ಕ್ವೇರ್ ಅಳೆಯಿರಿ. ಬೀಮ್ ಆದರ್ಶಕ್ಕಿಂತ ಎಷ್ಟು ಪಟ್ಟು ಹೆಚ್ಚು ಹರಡುತ್ತದೆ ಎಂದು ಹೇಳುವ ಸಂಖ್ಯೆ ಇದು. ಆದರ್ಶ ಬೀಮ್‌ಗೆ ಅದು 1. ಲೆನ್ಸ್‌ನ ಫೋಕಲ್ ದೂರ 100 ಮಿಲಿಮೀಟರ್, ಅದರ ಮೇಲೆ ಬೀಳುವ ಬೀಮ್ 10 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಎಂ-ಸ್ಕ್ವೇರ್ 1 ಇದ್ದರೆ ಚುಕ್ಕೆ ಸುಮಾರು 13.5 ಮೈಕ್ರಾನ್, 2 ಆದರೆ 27. ವ್ಯಾಸ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು. ವ್ಯಾಟ್ ಒಂದಿಷ್ಟೂ ಕಡಿಮೆಯಾಗದೆ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ನಿಮ್ಮ ದಪ್ಪ ಗೆರೆಗೆ ಇಷ್ಟೇ ಸಾಕು.

ಬೀಮ್ ಅಳತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 11146 ಪ್ರಕಾರ ಕನಿಷ್ಠ 10 ಜಾಗಗಳಲ್ಲಿ ಬೀಮ್ ಅಗಲ ಅಳೆಯಬೇಕು. ಅರ್ಧದಷ್ಟು ಸೊಂಟದಿಂದ (ಬೀಮ್ ಅತಿ ಕಿರಿದಾಗುವ ಜಾಗ) ಒಂದು ರೇಲೀ ದೂರದೊಳಗೆ (ಸೊಂಟದಿಂದ ಬೀಮ್ ವಿಸ್ತೀರ್ಣ ಎರಡು ಪಟ್ಟಾಗುವವರೆಗಿನ ದೂರ), ಉಳಿದವು ಎರಡು ರೇಲೀ ದೂರದಾಚೆ. ಲೆಕ್ಕ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಅಳತೆ ಕೆಡುವುದು ಕ್ಯಾಮೆರಾದಲ್ಲಿ. ಅಲ್ಲಿ ಆತುರ ಬೇಡ. ಈ ಮಾನದಂಡ ಬಳಸುವ ಡಿ4ಸಿಗ್ಮಾ ಎಂಬ ಅಗಲದ ಲೆಕ್ಕದಲ್ಲಿ ನಡುವಿನಿಂದ ದೂರದ ಪಿಕ್ಸೆಲ್‌ಗಳಿಗೆ ದೂರದ ವರ್ಗದಷ್ಟು ತೂಕ. ಅಂಚಿನಲ್ಲಿ ಒಂಚೂರು ಹಿನ್ನೆಲೆ ಬೆಳಕು ಉಳಿದರೂ ಒಳ್ಳೆಯ ಬೀಮ್ ಕೆಟ್ಟದ್ದೆಂದು ಫಲಿತಾಂಶ ಬರುತ್ತದೆ. ಬೀಮನ್ನು ತಡೆದು ಖಾಲಿ ಚಿತ್ರ ತೆಗೆದು ಕಳೆಯಿರಿ. ಅತಿ ಪ್ರಖರವಾದ ಪಿಕ್ಸೆಲ್‌ಗಳು ತುಂಬಿಹೋಗಿ ನೆತ್ತಿ ಚಪ್ಪಟೆಯಾಗಿದೆಯೇ ನೋಡಿ. ಪೂರ್ತಿ ಬೀಮನ್ನು ಬೆಳಕು ತಗ್ಗಿಸುವ ಫಿಲ್ಟರ್‌ಗೆ ನೇರವಾಗಿ ಬಿಡಬೇಡಿ. ಫಿಲ್ಟರ್ ಬಿಸಿಯಾಗಿ ಅದೇ ಒಂದು ಲೆನ್ಸ್ ಆಗಿಬಿಡುತ್ತದೆ. ಮೊದಲು ಲೇಪನವಿಲ್ಲದ ಗಾಜಿನ ವೆಡ್ಜ್‌ನಿಂದ (ಒಂದು ಬದಿ ಓರೆಯಾದ ಗಾಜಿನ ತುಂಡು) ಶೇ. 4ರಷ್ಟು ಪ್ರತಿಫಲನ ತೆಗೆದುಕೊಳ್ಳಿ, ಫಿಲ್ಟರ್ ಆಮೇಲೆ. ಉಳಿದ ಬೀಮನ್ನು ಹೀರಿಕೊಳ್ಳಲು ಬೀಮ್ ಡಂಪ್ ಇರಲಿ, ಕಣ್ಣಿಗೆ 1064ಕ್ಕೆ ತಕ್ಕ ಕನ್ನಡಕ.

ಯಂತ್ರ ಆನ್ ಮಾಡಿದ ಕೂಡಲೇ ಒಮ್ಮೆ, ಚೆನ್ನಾಗಿ ಬಿಸಿಯಾದ ಮೇಲೆ ಇನ್ನೊಮ್ಮೆ ಅಳೆಯಿರಿ. ಸೊಂಟದ ಜಾಗ ಸರಿದಿದ್ದರೆ ನನ್ನ ಮೊದಲ ಅನುಮಾನ ಕೊಳೆಯಾದ ಲೆನ್ಸ್ ಅಥವಾ ರಕ್ಷಣಾ ಗಾಜಿನ ಮೇಲೆ. ಎರಡೂ ಸಲ ಎಂ-ಸ್ಕ್ವೇರ್ ಒಂದೇ ರೀತಿ ಹೆಚ್ಚಿದ್ದರೆ ಲೆನ್ಸ್‌ಗಳನ್ನೆಲ್ಲ ಬಿಟ್ಟು ಲೇಸರ್ ಮೂಲದ ಬಾಯಲ್ಲೇ ಅಳೆದು ನೋಡಿ.