ತೀರಿಹೋದ ಅವ್ವ ಹೊಲಿದ ಹಳೆ ಕೌದಿಗಳನ್ನು ಏನು ಮಾಡಲಿ?

ಅವ್ವ ಹೋಗಿ ಮೂರು ತಿಂಗಳಾಯಿತು, ಅವರು ಹಳೆ ಬಟ್ಟೆ ಸೇರಿಸಿ ಹೊಲಿದ ನಾಲ್ಕು ಕೌದಿ, ಅಂದ್ರೆ ಹೊದಿಕೆ, ಅಟ್ಟದ ಮೇಲಿವೆ, ಮನೆಯವರು ಯಾರಿಗಾದರೂ ಕೊಟ್ಟುಬಿಡು ಅಂತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಕೊಡಬೇಡಿ. ಈಗಲಂತೂ ಬೇಡವೇ ಬೇಡ.

ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ, ಈಗ ಹುಬ್ಬಳ್ಳಿಯಲ್ಲಿದ್ದೇನೆ. ನಮ್ಮವ್ವ ವರ್ಷಗಟ್ಟಲೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋದವಳು. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಅಂತಾರೆ. ಸಾರಿಗೆ ಹಾಕುವವರಿಗೆ ಕಡಿಮೆ ಇರಬಹುದು. ದಿನವಿಡೀ ಅದರ ರಾಶಿ ಮುಂದೆ ಕೂತು ತೊಟ್ಟು ಮುರಿದರೆ ಬೆರಳ ಸಂದಿಯೆಲ್ಲ ಉರಿಯುತ್ತದೆ. ಸಂಜೆ ಬಂದವಳೇ ಹುಳಿ ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದಳು. ಆಮೇಲೆ ಕೊಬ್ಬರಿ ಎಣ್ಣೆ. ಇಷ್ಟಾದರೂ ನಮ್ಮ ಮುಖ ಮುಟ್ಟುತ್ತಿರಲಿಲ್ಲ. ತಮ್ಮನ ಕಣ್ಣಿಗೆ ಕಾಡಿಗೆ ಹಚ್ಚುವುದು ಪಕ್ಕದ ಮನೆಯ ದೊಡ್ಡವ್ವನ ಕೆಲಸ.

ಮತ್ತೆ ಕೌದಿ ಯಾವಾಗ ಹೊಲಿದಳು? ನಸುಕಿನಲ್ಲಿ, ಕೈಗೆ ಖಾರ ತಾಗುವ ಮೊದಲು. ರಾತ್ರಿ ಹೊಲಿಯಬಾರದೇನು ಅಂತ ದೊಡ್ಡವ್ವ ಒಮ್ಮೆ ಕೇಳಿದ್ದಳು. "ಖಾರದ ಕೈಲೆ ಕೌದಿ ಮುಟ್ಟಬಾರ್ದಕ್ಕಾ, ಹುಡುಗ್ರು ಮಾರಿತನಾ ಹೊಚ್ಗೊಂಡು ಮಕ್ಕೋತಾವ" ಅಂದಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ.

ಕೆಳಗೊಂದು ಹಳೆ ಸೀರೆ ಹಾಸುತ್ತಿದ್ದಳು. ಅದರ ಮೇಲೆ ಅಪ್ಪನ ಧೋತರ, ಅಜ್ಜಿಯ ಇಳಕಲ್ ಸೀರೆಯ ಸೆರಗು, ಹರಿದ ಖಣದ ಕುಪ್ಪಸ, ನನ್ನ ನೀಲಿ ಸ್ಕೂಲ್ ಲಂಗ. ಅಂಚಿನಿಂದ ಶುರುಮಾಡಿ ನಡುವಿನ ಕಡೆಗೆ ಹೊಲಿಗೆ ಹಾಕುತ್ತಾ ಬರುವುದು. ಕೊನೆಯ ತೇಪೆ ಮುಚ್ಚುವ ಮುಂಚೆ ನಾಲ್ಕು ಜೋಳದ ಕಾಳು ಒಳಗೆ ಸೇರಿಸುತ್ತಿದ್ದಳು. ಕೌದಿ ಹೊಟ್ಟೆ ಬರಿದಾಗಿರಬಾರದಂತೆ.

ನನ್ನ ಹತ್ತಿರ ಉಳಿದಿರುವುದು ಒಂದೇ ಕೌದಿ. ಅದರ ಹಿಂಬದಿ ತುಂಬಾ ಗಂಟುಗಳು. ಸೀರೆಗೆ ಹಾಕುವ ಧಾರವಾಡದ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ಅದರ ಗವಂತಿ ಅನ್ನುವ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣಬೇಕು. ಕಸೂತಿಗೆ ಜಿಐ, ಅಂದ್ರೆ ಆ ಊರಿನದೇ ಕಸುಬು ಅನ್ನುವ ಸರ್ಕಾರಿ ಮಾನ್ಯತೆಯೂ ಇದೆ. ಅವ್ವನ ಕಸೂತಿ ಸೀರೆಯಾಗಿದ್ದರೆ ಕೊಟ್ಟುಬಿಡು ಅಂತ ನಿಮ್ಮ ಮನೆಯಲ್ಲಿ ಯಾರೂ ಅನ್ನುತ್ತಿರಲಿಲ್ಲ, ಅಲ್ವಾ? ಕೌದಿ ಅಂದ್ರೆ ಮಾತ್ರ ಎಲ್ಲರಿಗೂ ಹಳೆ ಬಟ್ಟೆ. ಇದು ನನಗೆ ಬಹಳ ನೋವಿನ ವಿಷಯ.

ಕೌದಿಯಲ್ಲಿ ಆ ಗಂಟು ಯಾಕೆ ಅಂತ ನನಗೆ ಗೊತ್ತಾಗಿದ್ದು ಅವ್ವ ಹೋದಮೇಲೆ. ಕೆಲಸಕ್ಕೆ ಕರೆದೊಯ್ಯುವ ಟಂಟಂ ಗಾಡಿ ಬಂದ ಕೂಡಲೇ ಅವಳು ಎದ್ದೇಳಬೇಕು. ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟುಹೋದರೆ ಮಕ್ಕಳಿಗೆ ಚುಚ್ಚುತ್ತದೆ. ಹಾಗಾಗಿ ಹೊಲಿದಷ್ಟಕ್ಕೇ ಗಂಟು ಹಾಕಿ, ದಾರ ಕಡಿದು, ಸೂಜಿಯನ್ನು ಗೂಡಿನಲ್ಲಿ ಎತ್ತಿಡುತ್ತಿದ್ದಳು. ಒಂದು ಗಂಟು ಅಂದ್ರೆ ಒಂದು ಬೆಳಗು. ಕೆಲವು ಕಡೆ ಎರಡು ಗಂಟಿನ ನಡುವೆ ಒಂದು ಗೇಣು ಹೊಲಿಗೆ ಇದೆ. ಕೆಲವು ಕಡೆ ನಾಲ್ಕು ಬೆರಳೂ ಇಲ್ಲ.

ನಾನು ಮಾಡಿದ ತಪ್ಪು ನೀವು ಮಾಡಬೇಡಿ. ವಾಷಿಂಗ್ ಮೆಷಿನ್‌ಗೆ ಹಾಕಿಬಿಟ್ಟೆ. ನೀರು ಕುಡಿದ ಕೌದಿ ಕಲ್ಲಿನಷ್ಟು ಭಾರ, ತಿರುಗುವಾಗ ಸವೆದ ಸೀರೆ ಚರ್ರನೆ ಹರಿಯಿತು. ತಣ್ಣೀರಲ್ಲಿ ನೆನೆಸಿ, ಕಾಲಲ್ಲಿ ಮೆಲ್ಲಗೆ ತುಳಿದು ಒಗೆಯಿರಿ. ಹಿಂಡಬೇಡಿ. ಇಬ್ಬರು ಹಿಡಿದು ಕಟ್ಟೆ ಮೇಲೆ ಹಾಕಿ ನೀರು ಇಳಿಯಲು ಬಿಡಿ. ಎರಡು ದಿನ ಒಳ್ಳೆ ಬಿಸಿಲು ಬೇಕು. ಮಡಚಿಡುವುದಾದರೆ ಒಣಗಿದ ಬೇವಿನ ಎಲೆ ಹಾಕಿ. ಹರಿದ ಕಡೆ ಹಳೆ ಬಟ್ಟೆ ಕೀಳಬೇಡಿ, ಮೇಲೆಯೇ ಹೊಸ ತೇಪೆ ಕೂರಿಸಿ. ನಿಮ್ಮ ಅವ್ವನೂ ಹಾಗೇ ಮಾಡಿರುತ್ತಾರೆ. ನಾನು ನನ್ನ ಮಗಳ ಹಳೆ ಚೂಡಿದಾರದ ತುಂಡು ಹಾಕಿದೆ. ನನ್ನ ಹೊಲಿಗೆ ಸೊಟ್ಟ ಇದೆ, ಇರಲಿ.

ನಾಲ್ಕರಲ್ಲಿ ತೀರಾ ಹರಿದದ್ದು ಯಾವುದೋ ಅದನ್ನೇ ಮೊದಲು ಕೆಳಗಿಳಿಸಿ. ನೀವು ಚಿಕ್ಕವರಿದ್ದಾಗ ಜಾಸ್ತಿ ಹೊದ್ದದ್ದು ಅದೇ ಇರಬೇಕು. ಹಿಂಬದಿ ತಿರುವಿ, ಬೆಳಕಿಗೆ ಹಿಡಿದು ನೋಡಿ.